ಎಕ್ಸ್‌ಟರ್ನಲ್ ಡಿಸ್ಕ್ ರೈಟರ್ ತಗೊಳ್ಳುವ ಮುಂಚೆ, ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತದೆ ಅಂತ ಕೇಳಿ

ಹೊರಗಿನಿಂದ ಜೋಡಿಸುವ ಡಿವಿಡಿ ಅಥವಾ ಬ್ಲೂ-ರೇ ರೈಟರ್ ಕೊಳ್ಳಬೇಕು ಅಂತಿದ್ದೀರಾ? ಮೊದಲು ಇದನ್ನು ಓದಿ, ಆಮೇಲೆ ದುಡ್ಡು ಕೊಡಿ. ಡಬ್ಬಿಯ ಮೇಲೆ ‘ಯುಎಸ್‌ಬಿ 3.0, ಟೈಪ್-ಸಿ, ಸೂಪರ್ ಸ್ಪೀಡ್’ ಅಂತ ದೊಡ್ಡದಾಗಿ ಅಚ್ಚಾಗಿದ್ದ ರೈಟರ್ ನಮ್ಮ ಬ್ಲೂ-ರೇ ಡಿಸ್ಕ್‌ಗಳನ್ನು ಒಂದರ ಹಿಂದೆ ಒಂದರಂತೆ ಹಾಳು ಮಾಡಿತು. ಅಂಗಡಿಯವರು ಅದನ್ನು ವಾಪಸ್ ತಗೊಳ್ಳಲೂ ಇಲ್ಲ.

ನಮಗೆ ಇದು ಬೇಕಾಗಿದ್ದು ಯಾಕೆ ಅಂತ ಹೇಳುತ್ತೇನೆ. ನಮ್ಮ ಚಿಕ್ಕಪ್ಪ ಶಿರಸಿ, ಸಿದ್ದಾಪುರ ಕಡೆಯ ತಾಳಮದ್ದಳೆಗಳನ್ನು ಚಿಕ್ಕ ಟೇಪ್ ಹಾಕುವ ಮಿನಿ ಡಿವಿ ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ದರು. ಅವುಗಳಲ್ಲಿ ಅರ್ಥ ಹೇಳಿದ ಹಿರಿಯರಲ್ಲಿ ಹಲವರು ಈಗಿಲ್ಲ. ಟೇಪ್‌ಗಳು ಮಲೆನಾಡಿನ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುತ್ತಿದ್ದವು. ಹಾಗಾಗಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಒಂದು ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಪ್ರತಿ ಬ್ಲೂ-ರೇ ಡಿಸ್ಕ್‌ಗಳಲ್ಲಿ ಬೇರೆ ಮನೆಯಲ್ಲಿ ಇಡೋಣ ಅಂತ ತೀರ್ಮಾನಿಸಿದೆವು. ಮಿನಿ ಡಿವಿ ಟೇಪ್‌ನಲ್ಲಿ ಇರುವುದನ್ನು ಹಾಗೇ ಇಳಿಸಿದರೆ ಒಂದು ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. 4.7 ಜಿಬಿಯ ಡಿವಿಡಿ ಎಲ್ಲಿ ಸಾಕಾಗುತ್ತೆ? 25 ಜಿಬಿಯ ಬ್ಲೂ-ರೇ ಆದರೆ ಒಂದು ಟೇಪ್ ಆರಾಮಾಗಿ ಹಿಡಿಯುತ್ತದೆ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಇರುವುದಿಲ್ಲ ಅಲ್ವಾ. ಅಂಗಡಿಯಲ್ಲಿ ಕೆಲಸವನ್ನು ವಿವರಿಸಿಯೇ ಕೇಳಿದ್ದೆವು. ಅವರು ತೆಳ್ಳಗಿನ ಸ್ಲಿಮ್ ರೈಟರ್ ಒಂದನ್ನು ಕೊಟ್ಟರು. ಪೋರ್ಟ್ ಕಡಿಮೆ ಇದೆ ಅಂದಿದ್ದಕ್ಕೆ ಅದರ ಜೊತೆ ಒಂದು ಪೋರ್ಟನ್ನು ಹಲವಾಗಿಸುವ ಟೈಪ್-ಸಿ ಹಬ್ ಕೂಡ ಕೊಟ್ಟರು. ಒಂದು ಸಿನಿಮಾ ಡಿವಿಡಿ ಹಾಕಿ ಓಡಿಸಿ ತೋರಿಸಿದರು. ‘ನೋಡಿ, ಫಸ್ಟ್ ಕ್ಲಾಸ್’ ಅಂದರು.

ಮನೆಗೆ ಬಂದು ಬರ್ನ್ ಮಾಡಲು ಕೂತರೆ ಶುರುವಿನಲ್ಲಿ ಎಲ್ಲ ಸರಿ. ಅರ್ಧ ದಾಟಿ ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ರೈಟರ್ ‘ಟಕ್’ ಅನ್ನುತ್ತಿತ್ತು. ವಿಂಡೋಸ್‌ನಲ್ಲಿ ಪೆನ್‌ಡ್ರೈವ್ ಕಿತ್ತಾಗ ಬರುವ ಶಬ್ದ ಬರುತ್ತಿತ್ತು. ಒಂದೆರಡು ಸೆಕೆಂಡ್ ಬಿಟ್ಟು ಡ್ರೈವ್ ತಾನಾಗೇ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಒಳಗಿದ್ದ ಡಿಸ್ಕ್ ಮಾತ್ರ ದಂಡ. ನಾವು ಬಳಸಿದ್ದು ಬಿಡಿ-ಆರ್ ಅನ್ನುವ ಬ್ಲೂ-ರೇ ಡಿಸ್ಕ್, ಅದಕ್ಕೆ ಬರೆಯುವುದು ಒಂದೇ ಸಲ. ನಡುವೆ ನಿಂತರೆ ಆ ಡಿಸ್ಕ್‌ನ ಕಥೆ ಅಲ್ಲಿಗೆ ಮುಗಿಯಿತು. ಕೆಲವು ಸಲ ಬರೆಯಲು ಶುರು ಮಾಡುವ ಮೊದಲೇ ‘ಪವರ್ ಕ್ಯಾಲಿಬ್ರೇಶನ್ ಎರರ್’ (ಲೇಸರ್‌ನ ಬಲ ಹೊಂದಿಸಲು ಆಗಲಿಲ್ಲ) ಅಂತ ಬಂದು ನಿಲ್ಲುತ್ತಿತ್ತು.

ಅಂಗಡಿಗೆ ಫೋನ್ ಮಾಡಿದರೆ ‘ಡಿಸ್ಕ್ ಲೋಕಲ್ ಇರಬೇಕು’ ಅಂದರು. ಬೇರೆ ಕಂಪನಿಯ ಡಿಸ್ಕ್ ತಂದೆವು. ಅದೇ ಕಥೆ. ಆಮೇಲೆ ‘ನಿಮ್ಮ ಲ್ಯಾಪ್‌ಟಾಪ್ ಪೋರ್ಟ್ ವೀಕು’ ಅಂದರು. ಕೊನೆಗೆ ‘ಸೀಲ್ ಒಡೆದಿದೆ, ವಾಪಸ್ ಆಗಲ್ಲ’ ಅಂದುಬಿಟ್ಟರು. ಈಗ ಬ್ಲೂ-ರೇ ಡಿಸ್ಕ್ ಸಿಗುವುದೇ ಕಷ್ಟ. ಸೋನಿ ಕಂಪನಿಯವರೇ 2025ರ ಫೆಬ್ರವರಿಯಲ್ಲಿ ಬರೆಯುವ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆ ನಿಲ್ಲಿಸಿದರು. ಅಂಥ ಡಿಸ್ಕ್‌ಗಳು ಹೀಗೆ ಕಸಕ್ಕೆ ಹೋದಾಗ ಹೊಟ್ಟೆ ಉರಿಯುತ್ತದೆ.

ಸಮಸ್ಯೆ ಇದ್ದಿದ್ದು ಕರೆಂಟ್‌ನಲ್ಲಿ. ಸ್ಲಿಮ್ ರೈಟರ್‌ಗೆ ಸಾಮಾನ್ಯವಾಗಿ ಬೇರೆ ಅಡಾಪ್ಟರ್ ಇರುವುದಿಲ್ಲ. ಅದು ಓಡುವುದೇ ಯುಎಸ್‌ಬಿ ಕೇಬಲ್‌ನಿಂದ ಬರುವ 5 ವೋಲ್ಟ್ ಕರೆಂಟ್‌ನಿಂದ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್. 3.0 ಪೋರ್ಟ್ ಆದರೆ 900. ನಮ್ಮ ರೈಟರನ್ನು ಮಗುಚಿ ಅದರ ಕೆಳಗಿನ ಚೀಟಿ ನೋಡಿದರೆ 5 ವೋಲ್ಟ್, 1.5 ಆಂಪ್ ಅಂತ ಇತ್ತು. ಇಡೀ ಹೊತ್ತು ಅಷ್ಟು ಬೇಕಾಗುವುದಿಲ್ಲ ನಿಜ. ಆದರೆ ಮೋಟರ್ ತಿರುಗಲು ಶುರುವಾದಾಗ, ಲೇಸರ್ ಪೂರ್ತಿ ಬಲದಲ್ಲಿ ಉರಿಯುವಾಗ ಜಾಸ್ತಿ ಎಳೆಯುತ್ತದೆ. ಆಗ ವೋಲ್ಟೇಜ್ ಕುಸಿದು ಡ್ರೈವ್ ರೀಸೆಟ್ ಆಗುತ್ತದೆ. ಅಂಗಡಿಯವರು ಕೊಟ್ಟ ಹಬ್‌ಗೂ ಸ್ವಂತ ಅಡಾಪ್ಟರ್ ಇರಲಿಲ್ಲ. ಅಂದರೆ ಲ್ಯಾಪ್‌ಟಾಪ್‌ನ ಒಂದೇ ಪೋರ್ಟ್ ಕೊಡುವ ಕರೆಂಟನ್ನು ರೈಟರ್, ಹಾರ್ಡ್ ಡಿಸ್ಕ್, ಮೌಸ್ ಎಲ್ಲವೂ ಹಂಚಿಕೊಳ್ಳಬೇಕು.

ಕೊನೆಗೆ ಬಂದು ಕೆಡುತ್ತಿದ್ದುದಕ್ಕೂ ಕಾರಣ ಇದೆ. ಡಿಸ್ಕ್ ಬರೆಯುವುದು ಒಳಸುತ್ತಿನಿಂದ ಹೊರಗಿನ ಅಂಚಿನ ಕಡೆಗೆ. ಹೊರಗೆ ಹೋದಂತೆ ಬರೆಯುವ ವೇಗ ಸಾಮಾನ್ಯವಾಗಿ ಏರುತ್ತದೆ. ವೇಗ ಏರಿದಂತೆ ಲೇಸರ್‌ಗೆ ಹೆಚ್ಚು ಬಲ ಬೇಕು. ಸಿನಿಮಾ ಓಡಿಸುವುದಕ್ಕೆ ಇದ್ಯಾವುದೂ ಬೇಡ. ಬರೀ ಓದುವ ಲೇಸರ್‌ಗೆ ತೀರಾ ಕಡಿಮೆ ಶಕ್ತಿ ಸಾಕು. ಹಾಗಾಗಿ ಅಂಗಡಿಯಲ್ಲಿ ಡಿವಿಡಿ ಓಡಿಸಿ ತೋರಿಸಿದರೆ ರೈಟರ್ ಬಗ್ಗೆ ಏನೂ ತಿಳಿಯುವುದಿಲ್ಲ.

ಇನ್ನು ‘3.0’ ಅನ್ನುವುದರ ವಿಷಯ. ಲಿನಕ್ಸ್ ಇರುವ ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಿದಾಗ ನಮ್ಮ ರೈಟರ್ 480 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಅಂತ ತೋರಿಸಿತು. ಅಂದರೆ ಅದು ಓಡುತ್ತಿದ್ದುದು ಬರೀ 2.0 ವೇಗದಲ್ಲಿ. ನಿಜವಾದ 3.0 ರೈಟರನ್ನು 3.0 ಪೋರ್ಟಿಗೆ ಹಾಕಿದರೆ 5000 ಅಂತ ಬರಬೇಕು. ನೀವು ನೋಡಬೇಕೆಂದರೆ ಲಿನಕ್ಸ್‌ನಲ್ಲಿ ‘lsusb -t’ ಅಂತ ಟೈಪ್ ಮಾಡಿ. ಮ್ಯಾಕ್ ಇದ್ದವರು ಸಿಸ್ಟಮ್ ಇನ್‌ಫರ್ಮೇಶನ್‌ನಲ್ಲಿ ಯುಎಸ್‌ಬಿ ವಿಭಾಗ ತೆರೆಯಿರಿ. ಪ್ಲಗ್ಗಿನ ಒಳಗೆ ನೀಲಿ ಪ್ಲಾಸ್ಟಿಕ್ ಇದ್ದ ಮಾತ್ರಕ್ಕೆ 3.0 ಆಗುವುದಿಲ್ಲ. ನಿಜವಾದ 3.0 ಪ್ಲಗ್‌ನಲ್ಲಿ ಮುಂದಿನ 4 ಪಿನ್ ಬಿಟ್ಟು ಒಳಗಡೆ ಇನ್ನೂ 5 ಪಿನ್ ಕಾಣಬೇಕು.

ಆದರೆ ವೇಗದ ಲೆಕ್ಕವನ್ನೂ ಸರಿಯಾಗಿ ಹಾಕಿ. ಡಿವಿಡಿಯಲ್ಲಿ 1ಎಕ್ಸ್ ಅಂದರೆ ಸೆಕೆಂಡಿಗೆ ಸುಮಾರು 1.4 ಎಂಬಿ. ಸ್ಲಿಮ್ ರೈಟರ್‌ಗಳು ಸಾಮಾನ್ಯವಾಗಿ 8ಎಕ್ಸ್‌ನಲ್ಲಿ ಬರೆಯುತ್ತವೆ, ಅಂದರೆ ಸುಮಾರು 11 ಎಂಬಿ. ಯುಎಸ್‌ಬಿ 2.0 ಕೈಗೆ ಕೊಡುವುದು 30 ಎಂಬಿಯ ಆಸುಪಾಸು. ಡಿವಿಡಿ ಮಾತ್ರ ಬರೆಯುವವರಿಗೆ ಅದು ಧಾರಾಳ. 3.0 ಅಂತ ಜಾಸ್ತಿ ದುಡ್ಡು ಕೊಟ್ಟರೂ ಡಿಸ್ಕ್ ಒಂದು ನಿಮಿಷ ಬೇಗ ಮುಗಿಯುವುದಿಲ್ಲ. ಬ್ಲೂ-ರೇ ಬೇರೆ. ಅದರ 1ಎಕ್ಸ್ 4.5 ಎಂಬಿ, 6ಎಕ್ಸ್‌ಗೆ 27 ಎಂಬಿ ಬೇಕು. ಅಲ್ಲಿ 2.0 ಉಸಿರುಗಟ್ಟುತ್ತದೆ. ಅದೇ ಹಬ್‌ನಲ್ಲಿರುವ ಹಾರ್ಡ್ ಡಿಸ್ಕ್‌ನಿಂದಲೇ ವಿಡಿಯೊ ಓದುತ್ತಿದ್ದರಂತೂ ಸಾಧ್ಯವೇ ಇಲ್ಲ. ಬ್ಲೂ-ರೇ ಬರೆಯುವವರು ನಿಜವಾದ 3.0 ಅನ್ನೇ ಕೇಳಿ ತಗೊಳ್ಳಿ.

ಟೈಪ್-ಸಿ ಅನ್ನುವುದು ಪ್ಲಗ್ಗಿನ ಆಕಾರದ ಹೆಸರು ಅಷ್ಟೇ. ಆ ಆಕಾರದಲ್ಲಿ 2.0 ಕೂಡ ಬರುತ್ತದೆ. ಕೆಲವು ಟೈಪ್-ಸಿ ಪೋರ್ಟ್‌ಗಳು 1.5 ಅಥವಾ 3 ಆಂಪ್ ಕೊಡುತ್ತವೆ, ಅಂಥದಕ್ಕೆ ನೇರವಾಗಿ ಚುಚ್ಚಿದರೆ ಸ್ಲಿಮ್ ರೈಟರ್ ಚೆನ್ನಾಗಿ ಓಡುತ್ತದೆ. ಎಲ್ಲ ಪೋರ್ಟ್‌ಗಳೂ ಹಾಗಿರಲ್ಲ. ಹಳೇ ಪ್ಲಗ್ಗಿಗೆ ಹಾಕುವ ಚಿಕ್ಕ ಸಿ-ಕನ್ವರ್ಟರ್ ಕರೆಂಟ್ ಹೆಚ್ಚಿಸುವುದಿಲ್ಲ. ಉದ್ದದ ಎಕ್ಸ್‌ಟೆನ್ಶನ್ ಕೇಬಲ್ ಇದ್ದ ವೋಲ್ಟೇಜನ್ನೂ ಕಳೆಯುತ್ತದೆ.

ಯುಎಸ್‌ಬಿ ಬದಲು ಹಳೇ ಫೈರ್‌ವೈರ್ ಅಥವಾ ಇ-ಸಾಟಾ ಕೇಬಲ್‌ನಿಂದ ಜೋಡಿಸುವ ರೈಟರ್ ಅಗ್ಗಕ್ಕೆ ಸಿಗುತ್ತೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಟೇಪ್ ಇಳಿಸಲು ನಮಗೆ ಫೈರ್‌ವೈರ್ ಬೇಕೇ ಬೇಕಿತ್ತು, ಮಿನಿ ಡಿವಿ ಕ್ಯಾಮೆರಾದ ದಾರಿಯೇ ಅದು. ಆದರೆ ಆ ಪೋರ್ಟ್ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲ. ಮಾಮೂಲಿ ಇ-ಸಾಟಾ ಕೇಬಲ್‌ನಲ್ಲಿ ಕರೆಂಟೇ ಬರುವುದಿಲ್ಲ.

ಈಗಾಗಲೇ ಸ್ಲಿಮ್ ರೈಟರ್ ತಂದು ಒದ್ದಾಡುತ್ತಿರುವವರು ಅದನ್ನು ಎಸೆಯಬೇಡಿ. ಮೊದಲು ಹಬ್ ತೆಗೆದು ನೇರವಾಗಿ ಲ್ಯಾಪ್‌ಟಾಪ್‌ಗೆ ಹಾಕಿ. ಎರಡು ಯುಎಸ್‌ಬಿ ಪ್ಲಗ್ ಇರುವ ವೈ-ಕೇಬಲ್ ಸಿಗುತ್ತದೆ. ಎರಡನೇ ಪ್ಲಗ್ ಕರೆಂಟ್‌ಗೆ ಮಾತ್ರ. ಹಬ್ ಬೇಕೇ ಬೇಕೆಂದರೆ ಸ್ವಂತ ಅಡಾಪ್ಟರ್ ಇರುವುದನ್ನು ತನ್ನಿ. ಬರೆಯುವ ವೇಗವನ್ನು 2ಎಕ್ಸ್‌ಗೆ ಇಳಿಸಿ. ವೈ-ಕೇಬಲ್ ಹಾಕಿ, ವೇಗ ಇಳಿಸಿದ ಮೇಲೆ ನಮ್ಮ ಅದೇ ರೈಟರ್ ಪೂರ್ತಿ ಡಿಸ್ಕ್ ಬರೆಯಿತು. ಬರೆದಾದ ಮೇಲೆ ‘ವೆರಿಫೈ’ ಮಾಡುವುದನ್ನು, ಅಂದರೆ ಬರೆದದ್ದು ಸರಿಯಿದೆಯೇ ಅಂತ ಓದಿಸಿ ನೋಡುವುದನ್ನು, ಬಿಡಲೇಬೇಡಿ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಹೊಸದಾಗಿ ಕೊಳ್ಳುವವರು ಒಂದು ಖಾಲಿ ಡಿಸ್ಕ್ ಮತ್ತು ನಿಮ್ಮ ಲ್ಯಾಪ್‌ಟಾಪ್ ತಗೊಂಡೇ ಅಂಗಡಿಗೆ ಹೋಗಿ. ಡಿಸ್ಕ್ ತುಂಬುವಷ್ಟು ಫೈಲ್ ಹಾಕಿ ಅಲ್ಲೇ ಬರ್ನ್ ಮಾಡಿಸಿ. ಅರ್ಧ ತುಂಬಿದ ಡಿಸ್ಕ್‌ನಲ್ಲಿ ಈ ದೋಷ ಸಿಕ್ಕಿಬೀಳುವುದಿಲ್ಲ. ವಾಪಸ್ ತಗೊಳ್ಳುವ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ತುಂಬಾ ಡಿಸ್ಕ್ ಬರೆಯುವ ಕೆಲಸ ಇದ್ದರೆ ಸ್ಲಿಮ್ ಬಿಟ್ಟು, ಡೆಸ್ಕ್‌ಟಾಪ್ ಅಳತೆಯ ದೊಡ್ಡ ಡ್ರೈವ್ ಇರುವ ಎಕ್ಸ್‌ಟರ್ನಲ್ ರೈಟರನ್ನೇ ನೋಡಿ. ಅದಕ್ಕೆ 12 ವೋಲ್ಟ್ ಬೇಕು, ಮಾಮೂಲಿ ಯುಎಸ್‌ಬಿ ಪೋರ್ಟಿನಿಂದ ಅಷ್ಟು ಬರುವುದಿಲ್ಲ, ಹಾಗಾಗಿ ಗೋಡೆಗೆ ಚುಚ್ಚುವ ಅಡಾಪ್ಟರ್ ಜೊತೆಗೇ ಇರುತ್ತದೆ. ನಾವೂ ಈಗ ಅದನ್ನೇ ಬಳಸುತ್ತಿದ್ದೇವೆ. ಒಂದೇ ತೊಡಕು, ಮನೆಯ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ರೈಟರ್ ಆರಿಹೋಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳಲಾಗದು. ರೈಟರ್‌ನ ಅಡಾಪ್ಟರನ್ನು ಯುಪಿಎಸ್‌ಗೆ ಹಾಕಿಯೇ ಬರ್ನ್ ಶುರು ಮಾಡಿ.