ಸನ್‌ಗೋಲ್ಡ್, ರೋಮಾ, ಬ್ರ್ಯಾಂಡಿವೈನ್: ಕೈತೋಟಕ್ಕೆ ಯಾವ ಟೊಮೆಟೊ?

ಪೊಟ್ಟಣದ ಮೇಲಿನ ಹಣ್ಣಿನ ಚಿತ್ರ ನೋಡಿ ಬೀಜ ಕೊಳ್ಳಬೇಡಿ. ಗಿಡ ಪೊದೆಯಾಗಿ ನಿಲ್ಲುತ್ತದೋ, ಬಳ್ಳಿಯಂತೆ ಬೆಳೆಯುತ್ತಲೇ ಹೋಗುತ್ತದೋ, ಅದನ್ನು ಮೊದಲು ಓದಿ.

ಬಾಯಿರುಚಿಗೆ ಸನ್‌ಗೋಲ್ಡ್. ಕಿತ್ತಳೆ ಬಣ್ಣದ ಚೆರ್ರಿ ಟೊಮೆಟೊ, ಹಣ್ಣೊಂದು 15–20 ಗ್ರಾಂ, ಸಸಿ ನೆಟ್ಟ ಸುಮಾರು 60 ದಿನಕ್ಕೆ ಕೊಯ್ಲು ಶುರು. ಆದರೆ ಇದು ಆಳೆತ್ತರ ಮೀರುವ ಬಳ್ಳಿ. 2 ಮೀಟರ್ ಕೋಲು ಬೇಕು, ಎಲೆಕಂಕುಳಿನ ಚಿಗುರನ್ನು ವಾರಕ್ಕೊಮ್ಮೆ ಚಿವುಟಬೇಕು. ಸಿಪ್ಪೆ ತೀರಾ ತೆಳು. ಒಣಗಿದ ಮಣ್ಣಿಗೆ ಜೋರು ಮಳೆ ಬಿದ್ದರೆ ಮಾಗಿದ ಹಣ್ಣು ತೊಟ್ಟಿನ ಬಳಿ ಬಿರಿಯುತ್ತದೆ. ಮೋಡ ಕಟ್ಟಿದ ಕೂಡಲೇ ಬಣ್ಣ ತಿರುಗಿದವನ್ನೆಲ್ಲ ಕಿತ್ತುಬಿಡಿ. ಎಫ್‌1 ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿ ಪಡೆದ ಮೊದಲ ಪೀಳಿಗೆ, ಆದ್ದರಿಂದ ಅದರ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಹಣ್ಣು ಸಿಗದು.

ಕುಂಡದಲ್ಲಿ ಬೆಳೆಯುವವರಿಗೆ ರೋಮಾ ವಿಎಫ್. 20 ಲೀಟರ್ ಕುಂಡ, ಒಂದು ಮೀಟರ್ ಕೋಲು ಸಾಕು. ಇದರ ಚಿಗುರು ಚಿವುಟಿದರೆ ಫಸಲೇ ಕಡಿಮೆಯಾಗುತ್ತದೆ, ಪೊದೆ ತಳಿ ಹೂ ಬಿಡುವುದು ಆ ಕವಲುಗಳಲ್ಲೇ. ವಿ ಮತ್ತು ಎಫ್ ಎಂದರೆ ವರ್ಟಿಸಿಲಿಯಂ, ಫ್ಯುಸೇರಿಯಂ ಸೊರಗು ರೋಗಗಳನ್ನು ತಡೆಯುವ ಗುಣ. ಬೇರುಗಂಟಿನ ಜಂತುಹುಳು ಇರುವ ಮಣ್ಣಿಗೆ ಎನ್ ಅಕ್ಷರವಿರುವ ಬೇರೆ ತಳಿ ನೋಡಿ. ಹಣ್ಣು ಬಹುಪಾಲು ಒಟ್ಟಿಗೇ ಮಾಗುತ್ತದೆ. ತಿರುಳು ಗಟ್ಟಿ, ಕುದಿಸಿ ಸಾಸ್ ಮಾಡಲು ಸೊಗಸು, ಹಸಿಯಾಗಿ ತಿಂದರೆ ಸಪ್ಪೆ. ಇದರ ದೊಡ್ಡ ಕಾಟ ಕಾಯಿಯ ತುದಿ ಕೊಳೆಯುವುದು: ತೊಟ್ಟಿನ ಎದುರು ತುದಿಯಲ್ಲಿ ತೊಗಲಿನಂಥ ಕಪ್ಪು ಮಚ್ಚೆ. ರೋಗವೆಂದು ಔಷಧಿ ಹೊಡೆಯುವವರೇ ಹೆಚ್ಚು. ಇದು ರೋಗವಲ್ಲ, ಕ್ಯಾಲ್ಸಿಯಂ ಕೊರತೆ. ಮಣ್ಣಲ್ಲಿ ಕ್ಯಾಲ್ಸಿಯಂ ಇದ್ದರೂ ನೀರು ಒಂದು ದಿನ ಹೆಚ್ಚು, ಮೂರು ದಿನ ಇಲ್ಲವೆಂದಾದರೆ ಅದು ಕಾಯಿಯವರೆಗೆ ತಲುಪದು. ಬುಡಕ್ಕೆ ಒಣಹುಲ್ಲು ಹೊದಿಸಿ, ನೀರನ್ನು ಒಂದೇ ಹದದಲ್ಲಿ ಕೊಡಿ. ಕೆಟ್ಟ ಕಾಯಿ ಕಿತ್ತೆಸೆಯಿರಿ. ಮುಂದಿನವು ಸಾಮಾನ್ಯವಾಗಿ ಚೆನ್ನಾಗಿಯೇ ಬರುತ್ತವೆ.

ಬ್ರ್ಯಾಂಡಿವೈನ್‌ನ ಹೆಸರು ದೊಡ್ಡದು, ಹಣ್ಣೂ ದೊಡ್ಡದು, 300 ಗ್ರಾಂ ದಾಟುವುದುಂಟು. ರುಚಿಯ ಬಗ್ಗೆ ತಕರಾರಿಲ್ಲ. ಕೊಯ್ಲಿಗೆ ಮಾತ್ರ 80–90 ದಿನ ಕಾಯಬೇಕು, ಕಾಯಿಯೂ ಕಡಿಮೆ. ರಾತ್ರಿಯ ಉಷ್ಣತೆ 24 ಡಿಗ್ರಿಗಿಂತ ಕೆಳಗಿಳಿಯದ ದಿನಗಳಲ್ಲಿ ಹೂ ಉದುರುತ್ತದೆ. ಸೆಕೆಯ ಜಾಗದಲ್ಲಿ ಇದೊಂದನ್ನೇ ನಂಬಿ ಕೂರಬೇಡಿ.

ಒಂದೇ ಗಿಡಕ್ಕೆ ಜಾಗವಿದ್ದು, ಎತ್ತರದ ಆಸರೆ ಕಟ್ಟಲು ಸಾಧ್ಯವಿದ್ದರೆ ಸನ್‌ಗೋಲ್ಡ್ ಹಾಕಿ. ಪೊಟ್ಟಣದಲ್ಲಿ ಬರೆದ ದಿನಗಳ ಲೆಕ್ಕ ಸಾಮಾನ್ಯವಾಗಿ ಸಸಿ ನೆಟ್ಟಂದಿನಿಂದ. ಬೀಜ ಬಿತ್ತಿ ಸಸಿ ಎಬ್ಬಿಸಲು 5–7 ವಾರ ಬೇರೆಯೇ ಸೇರಿಸಿಕೊಳ್ಳಿ.