ಒಂದೇ ಕೋಡ್, ಮೂರು ಬಿಲ್ಡ್ ಟೂಲ್: ವಿಂಡೋಸ್‌ನಲ್ಲಿ ಡಿಎಲ್‌ಎಲ್ ಮಾಡಿ ನೋಡಿದ್ದು

ನನ್ನದೊಂದು ಪುಟ್ಟ ಸಿ ಲೈಬ್ರರಿ ಇದೆ. ಹನ್ನೆರಡು ಫಂಕ್ಷನ್, ಒಂದು ಗ್ಲೋಬಲ್ ವೇರಿಯಬಲ್, ಅಷ್ಟೇ. ಲಿನಕ್ಸ್‌ನಲ್ಲಿ ಶೇರ್ಡ್ ಲೈಬ್ರರಿಯಾಗಿ ಸಲೀಸಾಗಿ ಓಡುತ್ತಿತ್ತು. ವಿಂಡೋಸ್‌ಗೂ ಒಂದು ಡಿಎಲ್‌ಎಲ್ (ಅಲ್ಲಿನ ಶೇರ್ಡ್ ಲೈಬ್ರರಿ, ಪ್ರೋಗ್ರಾಮ್ ಓಡುವಾಗ ಹೊರಗಿನಿಂದ ಸೇರುವಂಥದ್ದು) ಮಾಡೋಣ ಅಂತ ಸಿಮೇಕ್, ಮೆಸನ್, ಲಿಬ್‌ಟೂಲ್ ಮೂರರಲ್ಲೂ ಬಿಲ್ಡ್ ಮಾಡಿದೆ. ಮೊದಲೆರಡನ್ನು ಎಂಎಸ್‌ವಿಸಿ (ಮೈಕ್ರೋಸಾಫ್ಟ್‌ನದು), ಮಿನ್‌ಜಿಡಬ್ಲ್ಯೂ (ವಿಂಡೋಸ್‌ಗಾಗಿ ಜಿಸಿಸಿ) ಎರಡು ಕಂಪೈಲರ್‌ಗಳಲ್ಲೂ ನೋಡಿದೆ. ಲಿಬ್‌ಟೂಲ್ ಅನ್ನು ಎಂಎಸ್‌ವೈಎಸ್2 (ವಿಂಡೋಸ್‌ನಲ್ಲಿ ಯುನಿಕ್ಸ್ ಥರದ ಶೆಲ್ ಮತ್ತು ಟೂಲ್‌ಗಳು) ಒಳಗೆ ಮಿನ್‌ಜಿಡಬ್ಲ್ಯೂ ಜೊತೆ ಮಾತ್ರ.

ಸಿಮೇಕ್‌ನಲ್ಲಿ ಆಡ್_ಲೈಬ್ರರಿ ಅಂತ ಒಂದು ಸಾಲು ಬರೆದು 'ಶೇರ್ಡ್' ಅಂದರೆ ಮುಗಿಯಿತು. ಮಿನ್‌ಜಿಡಬ್ಲ್ಯೂನಲ್ಲಿ ನಿಜಕ್ಕೂ ಮುಗಿಯಿತು. ಎಂಎಸ್‌ವಿಸಿಯಲ್ಲಿ ಡಿಎಲ್‌ಎಲ್ ಏನೋ ಬಂತು, ಆದರೆ ಅದನ್ನು ಬಳಸುವ ಪ್ರೋಗ್ರಾಮ್ ಲಿಂಕ್ ಆಗುವಾಗ ಎಲ್‌ಎನ್‌ಕೆ1104 ಎರರ್: ಡಾಟ್ ಲಿಬ್ ಫೈಲೇ ಇಲ್ಲ! ಎಂಎಸ್‌ವಿಸಿ ನಾವು ಹೇಳದೆ ಯಾವ ಸಿಂಬಲನ್ನೂ (ಫಂಕ್ಷನ್, ವೇರಿಯಬಲ್‌ಗಳ ಹೆಸರು) ಎಕ್ಸ್‌ಪೋರ್ಟ್ ಮಾಡುವುದಿಲ್ಲ, ಅಂದರೆ ಹೊರಗಿನವರ ಬಳಕೆಗೆ ಬಿಡುವುದಿಲ್ಲ. ಎಕ್ಸ್‌ಪೋರ್ಟ್ ಇಲ್ಲ ಅಂದರೆ ಇಂಪೋರ್ಟ್ ಲೈಬ್ರರಿಯೂ (ಡಿಎಲ್‌ಎಲ್ ಜೊತೆ ಲಿಂಕ್ ಆಗಲು ಬೇಕಾದ ಆ ಡಾಟ್ ಲಿಬ್ ಫೈಲ್) ಹುಟ್ಟುವುದಿಲ್ಲ. ಮಿನ್‌ಜಿಡಬ್ಲ್ಯೂ ಲಿಂಕರ್ ಧಾರಾಳಿ, ಯಾವುದಕ್ಕೂ ಗುರುತು ಹಾಕದಿದ್ದರೆ ಎಲ್ಲವನ್ನೂ ಹೊರಗೆ ಬಿಡುತ್ತದೆ. ಆದರೆ ಒಂದೇ ಒಂದು ಫಂಕ್ಷನ್‌ಗೆ ಡಿಎಲ್‌ಎಲ್‌ಎಕ್ಸ್‌ಪೋರ್ಟ್ ಅಂತ ಬರೆದರೂ ಸಾಕು, ಉಳಿದವೆಲ್ಲ ಒಳಗೇ ಉಳಿಯುತ್ತವೆ.

ಸಿಮೇಕ್‌ನಲ್ಲಿ ಇದಕ್ಕೆ ಸುಲಭದ ಸ್ವಿಚ್ ಇದೆ: ವಿಂಡೋಸ್_ಎಕ್ಸ್‌ಪೋರ್ಟ್_ಆಲ್_ಸಿಂಬಲ್ಸ್. 3.4ರಿಂದಲೂ ಇದೆ. ಆನ್ ಮಾಡಿದೆ, ಹನ್ನೆರಡು ಫಂಕ್ಷನ್‌ಗಳೂ ಬಂದವು. ವೇರಿಯಬಲ್ ಮಾತ್ರ ಎಲ್‌ಎನ್‌ಕೆ2001 (ಸಿಂಬಲ್ ಸಿಗಲಿಲ್ಲ) ಅಂತ ಕೈ ಕೊಟ್ಟಿತು. ಫಂಕ್ಷನ್ ಕರೆಯನ್ನು ಇಂಪೋರ್ಟ್ ಲೈಬ್ರರಿಯಲ್ಲಿರುವ ಸಣ್ಣ ಕೋಡ್ ತುಣುಕು ದಾಟಿಸಿಬಿಡುತ್ತದೆ. ಡೇಟಾಗೆ ಆ ಸೌಲಭ್ಯ ಇಲ್ಲ. ಬಳಸುವವರ ಹೆಡರ್‌ನಲ್ಲಿ ಡಿಎಲ್‌ಎಲ್‌ಇಂಪೋರ್ಟ್ ಅನ್ನುವ ಗುರುತು ಇರಲೇಬೇಕು. ದೊಡ್ಡ ಸಿ++ ಲೈಬ್ರರಿಗೆ ಈ ಸ್ವಿಚ್ ಹಾಕುವವರಿಗೆ ಇನ್ನೊಂದು ಮಾತು: ಒಂದು ಡಿಎಲ್‌ಎಲ್‌ನಲ್ಲಿ 65,535ಕ್ಕಿಂತ ಜಾಸ್ತಿ ಎಕ್ಸ್‌ಪೋರ್ಟ್ ಹಿಡಿಸುವುದಿಲ್ಲ. ಕೊನೆಗೆ ಎಕ್ಸ್‌ಪೋರ್ಟ್ ಹೆಡರನ್ನು ತಾನೇ ಬರೆದುಕೊಡುವ ಸಿಮೇಕ್ ಮಾಡ್ಯೂಲ್ ಬಳಸಿದೆ. ಅದೇ ಸರಿಯಾದ ದಾರಿ.

ಮೆಸನ್‌ನಲ್ಲಿ 'ಎಲ್ಲವನ್ನೂ ಬಿಡು' ಅನ್ನುವ ಸ್ವಿಚ್ ನನಗೆ ಸಿಗಲಿಲ್ಲ. ಡಿಎಲ್‌ಎಲ್‌ಎಕ್ಸ್‌ಪೋರ್ಟ್ ಗುರುತು ಹಾಕುವ ಮ್ಯಾಕ್ರೋ ಬರೆಯಿರಿ, ಇಲ್ಲವೇ ಎಕ್ಸ್‌ಪೋರ್ಟ್ ಹೆಸರುಗಳ ಪಟ್ಟಿಯಿರುವ ಡೆಫ್ ಫೈಲ್ ಕೊಡಿ. ಮೊದಲು ಸ್ವಲ್ಪ ಸಿಟ್ಟು ಬಂತು. ಆದರೆ ಮ್ಯಾಕ್ರೋ ಬರೆದ ಮೇಲೆ ಎರಡೂ ಕಂಪೈಲರ್‌ಗಳಲ್ಲಿ ಒಂದೇ ಥರ ಓಡಿತು. ನನಗೆ ನಿಜವಾಗಿ ಇಷ್ಟವಾದದ್ದು ಟೆಸ್ಟ್ ಓಡಿಸುವಾಗ. ವಿಂಡೋಸ್‌ನಲ್ಲಿ ಆರ್‌ಪಾತ್ (ಲೈಬ್ರರಿ ಎಲ್ಲಿದೆ ಅಂತ ಪ್ರೋಗ್ರಾಮ್ ಒಳಗೇ ಬರೆದಿಡುವುದು) ಇಲ್ಲ ಅಲ್ವಾ, ಡಿಎಲ್‌ಎಲ್ ಒಂದೋ ಇಎಕ್ಸ್‌ಇ ಪಕ್ಕದಲ್ಲಿರಬೇಕು, ಇಲ್ಲ ಪಾತ್ ಪಟ್ಟಿಯಲ್ಲಿರುವ ಯಾವುದಾದರೂ ಫೋಲ್ಡರ್‌ನಲ್ಲಿರಬೇಕು. ಸಿಮೇಕ್‌ನಲ್ಲಿ ಟೆಸ್ಟ್ ಪ್ರೋಗ್ರಾಮ್ 0xಸಿ0000135 ಅಂತ ಸತ್ತಿತ್ತು, ಅಂದರೆ ಡಿಎಲ್‌ಎಲ್ ಸಿಗಲಿಲ್ಲ ಅಂತ. ಎರಡೂ ಒಂದೇ ಫೋಲ್ಡರ್‌ಗೆ ಬೀಳುವ ಹಾಗೆ ಮಾಡಿ ಸರಿಪಡಿಸಿದೆ. ಮೆಸನ್ ಟೆಸ್ಟ್ ಓಡಿಸುವಾಗ ಪಾತ್ ಅನ್ನು ತಾನೇ ಹೊಂದಿಸುತ್ತದೆ. ಕೈಯಾರೆ ಓಡಿಸಬೇಕಾದರೆ, ಪಾತ್ ಹೊಂದಿಸಿದ ಶೆಲ್ ತೆರೆಯುವ ಮೆಸನ್ ಡೆವ್‌ಎನ್‌ವಿ ಇದೆ.

ಇನ್ನೊಂದು ಸಣ್ಣ ವಿಷಯ, ತಲೆನೋವು ಮಾತ್ರ ದೊಡ್ಡದು. ಎಂಎಸ್‌ವಿಸಿಯಲ್ಲಿ ಸ್ಟ್ಯಾಟಿಕ್ ಲೈಬ್ರರಿಗೂ (ಪ್ರೋಗ್ರಾಮ್ ಒಳಗೇ ಸೇರಿಹೋಗುವಂಥದ್ದು) ಇಂಪೋರ್ಟ್ ಲೈಬ್ರರಿಗೂ ಡಾಟ್ ಲಿಬ್ ಅಂತಲೇ ಕೊನೆ. ಸಿಮೇಕ್‌ನಲ್ಲಿ ಎರಡಕ್ಕೂ ಒಂದೇ ಹೆಸರು ಕೊಟ್ಟು, ಒಂದರ ಮೇಲೆ ಇನ್ನೊಂದನ್ನು ನಾನೇ ಬರೆಸಿದ್ದೆ. ಮೆಸನ್ ಸ್ಟ್ಯಾಟಿಕ್ ಲೈಬ್ರರಿಗೆ ಎಂಎಸ್‌ವಿಸಿಯಲ್ಲೂ ಡಾಟ್ ಎ ಅಂತ ಇಡುತ್ತದೆ. ನೋಡಲು ವಿಚಿತ್ರ, ಆದರೆ ಜಗಳ ಇಲ್ಲ.

ಲಿಬ್‌ಟೂಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಲ್ಡ್ ಯಶಸ್ವಿ ಅಂತ ಬಂತು, ಡಿಎಲ್‌ಎಲ್ ಮಾತ್ರ ಎಲ್ಲೂ ಇಲ್ಲ. ಸಾಲು ಸಾಲು ಔಟ್‌ಪುಟ್ ನಡುವೆ ಒಂದು ಎಚ್ಚರಿಕೆ ಅಡಗಿತ್ತು: ಸ್ಟ್ಯಾಟಿಕ್ ಮಾತ್ರ ಮಾಡುತ್ತಿದ್ದೇನೆ ಅಂತ. ಲಿಂಕ್ ಫ್ಲಾಗ್‌ನಲ್ಲಿ 'ನೋ-ಅನ್‌ಡಿಫೈನ್ಡ್' (ಹೊರಗೆ ಹುಡುಕಬೇಕಾದ ಸಿಂಬಲ್ ಯಾವುದೂ ಬಾಕಿ ಇಲ್ಲ ಅನ್ನುವ ಮಾತು) ಕೊಟ್ಟ ಮೇಲೆ ಡಿಎಲ್‌ಎಲ್ ಬಂತು. ಒಂದು ಗಂಟೆ ಸುಮ್ನೆ ಹೋಯಿತು. ಕಾನ್ಫಿಗರ್ ಸ್ಕ್ರಿಪ್ಟ್ ನೂರಾರು ಸಣ್ಣ ಪ್ರೋಸೆಸ್‌ಗಳನ್ನು ಎಬ್ಬಿಸುತ್ತದೆ, ವಿಂಡೋಸ್‌ನಲ್ಲಿ ಅದು ತುಂಬಾ ನಿಧಾನ. ಹಳೆಯ ಪ್ರಾಜೆಕ್ಟ್‌ನಲ್ಲಿ ಮೊದಲೇ ಇದ್ದರೆ ಇರಲಿ, ಹೊಸದಕ್ಕೆ ನಾನಂತೂ ಹಾಕುವುದಿಲ್ಲ.

ನಾನು ಉಳಿಸಿಕೊಂಡದ್ದು ಮೆಸನ್. ನನ್ನ ಲೈಬ್ರರಿಯನ್ನು ಬಳಸುವವರೆಲ್ಲ ಸಿಮೇಕ್‌ನವರೇ ಆಗಿದ್ದರೆ ಸಿಮೇಕನ್ನೇ ಇಟ್ಟುಕೊಳ್ಳುತ್ತಿದ್ದೆ. ಆ ಗ್ಲೋಬಲ್ ವೇರಿಯಬಲ್ ತೆಗೆದು, ಅದರ ಮೌಲ್ಯ ಹಿಂದಿರುಗಿಸುವ ಒಂದು ಫಂಕ್ಷನ್ ಹಾಕಿದ್ದೇನೆ. ಆಮೇಲೆ ಕುತೂಹಲಕ್ಕೆ ಸಿಮೇಕ್‌ನ ಆ ಸುಲಭದ ಸ್ವಿಚ್ಚನ್ನು ಮತ್ತೆ ಆನ್ ಮಾಡಿದೆ. ಒಂದೂ ತಕರಾರಿಲ್ಲದೆ ಲಿಂಕ್ ಆಯಿತು.