ಅಂಗಳದಲ್ಲಿ ಹಳೇ ಕೈಮರ, ಗಾಲಿಜೋಡಿ: ಯಾವ ಪಾಯ ನಿಂತಿತು, ಯಾವುದು ಅಲ್ಲಾಡಿತು

ಬೆಂಗಳೂರು–ಮೈಸೂರು ಮಾರ್ಗ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್) ಆಗಿದ್ದ ಕಾಲದ ಕೈಮರ (ಕೈ ಎತ್ತಿ ಇಳಿಸಿ ರೈಲಿಗೆ ಸೂಚನೆ ಕೊಡುವ ಸಿಗ್ನಲ್ ಕಂಬ), ಗಾಲಿಜೋಡಿ (ಒಂದೇ ಅಚ್ಚಿಗೆ ಕೂರಿಸಿದ ಎರಡು ರೈಲುಗಾಲಿ), ರೈಲಿನ ದಾರಿ ಬದಲಿಸುವ ಪಾಯಿಂಟ್ ಲಿವರ್‌ಗಳನ್ನು ಮನೆ ಮುಂದೆ ನಿಲ್ಲಿಸುವ ಆಸೆ ನಮ್ಮ ಕಡೆ ಬಹಳ ಜನಕ್ಕಿದೆ. ಸಾಮಾನು ತಂದ ಮೇಲೆ ಬರುವ ಪ್ರಶ್ನೆ ಒಂದೇ: ಹೂಳುವುದೋ, ಬೋಲ್ಟ್ ಹಾಕುವುದೋ? ಮೂರು ಮೀಟರ್ ಎತ್ತರದ ಕೈಮರದ ಕಂಬಗಳನ್ನು ಮೂರು ವಿಧದಲ್ಲಿ, ಗಾಲಿಜೋಡಿಯನ್ನು ಎರಡು ವಿಧದಲ್ಲಿ ಕೂರಿಸಿ, ಎರಡು ಮಳೆಗಾಲ ಕಳೆದ ಮೇಲೆ ಬಿಚ್ಚಿ ನೋಡಿ ಮಾಡಿದ ಹೋಲಿಕೆ ಇದು.

ಮೊದಲು ಗಾಳಿಯ ಲೆಕ್ಕ. ಕಟ್ಟಡಗಳ ಮಾನಕದಲ್ಲಿ ಮೈಸೂರಿಗೆ ಹಿಡಿದಿರುವ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಆ ವೇಗದಲ್ಲಿ ಗಾಳಿ ಚದರ ಮೀಟರಿಗೆ ಸುಮಾರು 65 ಕೆಜಿ ಒತ್ತುತ್ತದೆ. ಕೈಮರದ ಕೈ 1.2 ಮೀಟರ್ ಉದ್ದ, 25 ಸೆಂಮೀ ಅಗಲ ಇದ್ದರೆ ಅದರ ಮೇಲೆ 20ರಿಂದ 25 ಕೆಜಿ ನೂಕು ಬೀಳುತ್ತದೆ, ಅದೂ ಮೂರು ಮೀಟರ್ ಮೇಲೆ. ಕಂಬದ ಮೈಗೆ ಬೀಳುವುದನ್ನೂ ಸೇರಿಸಿದರೆ, ಒಂದು ಮೀಟರ್ ಸನ್ನೆಯ ತುದಿಗೆ 110 ಕೆಜಿ ತೂಗುಹಾಕಿದಷ್ಟು ಬಲ ಬುಡವನ್ನು ಮಗುಚಲು ನೋಡುತ್ತದೆ. ಭರಣಿ ಮಳೆಗೆ ಮುಂಚೆ ಬೀಸುವ ಗಾಳಿ ನೋಡಿದವರಿಗೆ ಇದು ಉತ್ಪ್ರೇಕ್ಷೆ ಅನ್ನಿಸದು.

ನೇರ ಹೂಳುವುದು

ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಗ್ಗ. ಮುಕ್ಕಾಲು ಮೀಟರ್ ಗುಂಡಿ ತೋಡಿ, ಕಂಬ ಇಳಿಸಿ, ಸುತ್ತ ಕಾಂಕ್ರೀಟ್ ತುಂಬಿದರೆ ಆಯಿತು. ಅಲ್ಲಾಡುವುದೂ ಇಲ್ಲ. ಆದರೆ ಕಬ್ಬಿಣ ಮತ್ತು ಕಾಂಕ್ರೀಟ್ ಸೇರುವ ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟೇ ಬಿಡುತ್ತದೆ. ಬಿಸಿಲಿಗೆ ಕಬ್ಬಿಣ ಒಂದು ಅಳತೆಗೆ ಹಿಗ್ಗುತ್ತದೆ, ನೆರಳಿನಲ್ಲಿರುವ ಕಾಂಕ್ರೀಟ್ ಅಷ್ಟು ಹಿಗ್ಗುವುದಿಲ್ಲ. ಗಾಳಿಗೆ ಕಂಬ ಬಾಗುತ್ತಲೂ ಇರುತ್ತದೆ. ಆ ಸಂದಿಗೆ ಇಳಿದ ನೀರು ಆರುವುದೇ ಇಲ್ಲ. ಎರಡನೇ ಮಳೆಗಾಲದ ನಂತರ ಬುಡವನ್ನು ಸ್ಕ್ರೂಡ್ರೈವರ್ ತುದಿಯಿಂದ ಕೆರೆದಾಗ, ಹಪ್ಪಳದಂತೆ ಪದರ ಪದರವಾಗಿ ತುಕ್ಕು ಎದ್ದು ಬಂತು. ನೆಲದಿಂದ ಒಂದು ಗೇಣು ಮೇಲೆ ಸುತ್ತಿಗೆ ತಟ್ಟಿದರೆ ಠಣ್ ಎನ್ನುವ ಅದೇ ಕಂಬ ಬುಡದಲ್ಲಿ ಬೊದ್ದು ಸದ್ದು ಮಾಡಿತು. ಬಣ್ಣ ಹೊಡೆದರೆ ಕಣ್ಣಿಗೆ ಕಾಣುವುದಿಲ್ಲ, ಒಳಗೆ ತಿನ್ನುವುದು ನಿಲ್ಲುವುದಿಲ್ಲ. ಹೂಳಲೇಬೇಕಾದರೆ ಕಾಂಕ್ರೀಟನ್ನು ನೆಲಕ್ಕಿಂತ 10 ಸೆಂಮೀ ಎತ್ತರಿಸಿ, ಮೇಲ್ಭಾಗವನ್ನು ನಾಲ್ಕೂ ಕಡೆ ಇಳಿಜಾರು ಮಾಡಿ, ಸಂದಿಗೆ ಪಾಲಿಯುರಿಥೇನ್ ಸೀಲೆಂಟ್ ತುಂಬಿ. ಅಷ್ಟಾದರೂ ನೂರು ವರ್ಷ ಬದುಕಿದ ಸಾಮಾನಿಗೆ ಈ ದಾರಿ ನಾವು ಹೇಳುವುದಿಲ್ಲ.

ಇರುವ ನೆಲಕ್ಕೆ ಆಂಕರ್ ಬೋಲ್ಟ್

ಕಡಪಾ ಕಲ್ಲು ಹಾಸಿದ ಅಂಗಳಕ್ಕೆ ಡ್ರಿಲ್ ಮಾಡಿ ಆಂಕರ್ ಬಿಗಿಯುವುದು ಕಂಬಕ್ಕಂತೂ ಬೇಡವೇ ಬೇಡ. ಕಲ್ಲಿನ ಕೆಳಗೆ ಸಾಮಾನ್ಯವಾಗಿ 75ರಿಂದ 100 ಮಿಮೀ ಬೆಡ್ ಕಾಂಕ್ರೀಟ್ ಮಾತ್ರ ಇರುತ್ತದೆ. ಬೋಲ್ಟ್ ಗಟ್ಟಿಯಾಗೇ ಇರುತ್ತದೆ, ಅದರ ಸುತ್ತಲ ಕಾಂಕ್ರೀಟೇ ಶಂಕುವಿನಾಕಾರದಲ್ಲಿ ಕಿತ್ತು ಬರುತ್ತದೆ. ನಮ್ಮ ಪರೀಕ್ಷೆಯಲ್ಲಿ ಮೊದಲ ಮಳೆಗಾಲ ಮುಗಿಯುವ ಮುಂಚೆಯೇ ಒಂದು ಕಲ್ಲು ಸೀಳಿ, ಕಂಬದ ತುದಿ ಕೈಯಿಂದ ನೂಕಿದರೆ ಎರಡು ಬೆರಳಗಲ ಆಡತೊಡಗಿತು. ಪಾಯಿಂಟ್ ಲಿವರ್‌ನಂತಹ ಕುಳ್ಳ, ಬುಡ ಅಗಲದ ಸಾಮಾನಿಗೆ ಈ ವಿಧಾನ ಸಾಕು. 12 ಮಿಮೀ ಆಂಕರ್ ನಾಲ್ಕು, ಅಂಚಿನಿಂದ ಕನಿಷ್ಠ 12 ಸೆಂಮೀ ಒಳಗೆ. ರಂಧ್ರದ ಧೂಳನ್ನು ಪೂರ್ತಿ ಊದಿ ತೆಗೆದ ಮೇಲೆ ಕೆಮಿಕಲ್ ಆಂಕರ್ (ಬೋಲ್ಟನ್ನು ರಂಧ್ರದಲ್ಲಿ ಹಿಡಿಸುವ ಅಂಟು). ಧೂಳು ಉಳಿದರೆ ಅಂಟು ಧೂಳನ್ನೇ ಹಿಡಿಯುತ್ತದೆ, ಕಾಂಕ್ರೀಟನ್ನಲ್ಲ.

ಫೌಂಡೇಶನ್ ಬೋಲ್ಟ್, ಬೇಸ್ ಪ್ಲೇಟ್

ಗೆದ್ದದ್ದು ಇದು. ಖರ್ಚು ಹೆಚ್ಚು, ಗಾರೆ ಕೆಲಸದವರಿಗೂ ವೆಲ್ಡರ್‌ಗೂ ಒಟ್ಟಿಗೆ ಹೇಳಬೇಕು. ಆದರೂ ಬೇಕೆಂದಾಗ ಬಿಚ್ಚಬಹುದು, ಕಬ್ಬಿಣ ಮಣ್ಣು ಮುಟ್ಟುವುದಿಲ್ಲ.

ಗುಂಡಿ 60 × 60 ಸೆಂಮೀ, ಆಳ 75 ಸೆಂಮೀ. ಕಾಂಕ್ರೀಟ್ 1:1.5:3 (ಸಿಮೆಂಟ್, ಮರಳು, ಜಲ್ಲಿ), ಸಿಮೆಂಟ್ ಎರಡೂಕಾಲು ಮೂಟೆ. ಆರಿದ ಮೇಲೆ ಈ ಗಡ್ಡೆ ಸುಮಾರು 650 ಕೆಜಿ ತೂಗುತ್ತದೆ. ಮಣ್ಣಿನ ಹಿಡಿತ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ಮೇಲೆ ಹೇಳಿದ 110ರ ಎದುರು 190ರಷ್ಟು ತಡೆ ಕೊಡುತ್ತದೆ. 16 ಮಿಮೀ ದಪ್ಪ, 400 ಮಿಮೀ ಉದ್ದದ ಜೆ-ಬೋಲ್ಟ್ (ಕೆಳತುದಿ ಕೊಕ್ಕೆಯಂತೆ ಬಾಗಿದ್ದು) ನಾಲ್ಕು. ಕಾಂಕ್ರೀಟ್ ಹಾಕುವಾಗ ಬೋಲ್ಟುಗಳು ಸರಿದು ಹೋಗುವುದೇ ಇಲ್ಲಿನ ದೊಡ್ಡ ತಪ್ಪು. ಬೇಸ್ ಪ್ಲೇಟನ್ನೇ ಅಚ್ಚಾಗಿಟ್ಟು ಪ್ಲೈವುಡ್‌ನಲ್ಲಿ ನಾಲ್ಕು ತೂತು ಕೊರೆದು, ಬೋಲ್ಟುಗಳನ್ನು ಅದಕ್ಕೆ ಮೇಲೆ ಕೆಳಗೆ ನಟ್ ಹಾಕಿ ಬಿಗಿದ ನಂತರವೇ ಕಾಂಕ್ರೀಟ್. ಥ್ರೆಡ್‌ಗೆ ಟೇಪ್ ಸುತ್ತಿ. ಹತ್ತು ದಿನ ಗೋಣಿಚೀಲ ಹೊದಿಸಿ ನೀರು ಹೊಡೆಯಿರಿ.

ಪ್ಲೇಟ್ 250 × 250 × 12 ಮಿಮೀ. ಕಂಬ ಉಕ್ಕಿನದಾದರೆ ಪ್ಲೇಟಿಗೆ ವೆಲ್ಡ್ ಮಾಡಿ ನಾಲ್ಕು ಮೂಲೆಗೆ ಗಸೆಟ್ (ಮುಕ್ಕೋನದ ಆಸರೆ ತಗಡು) ಕೊಡಬಹುದು. ಬೀಡುಕಬ್ಬಿಣವಾದರೆ ವೆಲ್ಡಿಂಗ್ ಮುಟ್ಟಬೇಡಿ, ಪಕ್ಕದಲ್ಲೇ ಬಿರುಕು ಬಿಡುತ್ತದೆ. ಸುತ್ತ ಎರಡು ಹೋಳಿನ ಪಟ್ಟಿ ಕ್ಲಾಂಪ್ ಮಾಡಿಸಿ. ಪ್ಲೇಟಿನ ಕೆಳಗೊಂದು ನಟ್, ಮೇಲೆ ವಾಷರ್ ಸಮೇತ ಎರಡು. ಕೆಳಗಿನ ನಟ್ ತಿರುಗಿಸುತ್ತಾ ರಸಮಟ್ಟ ಇಟ್ಟು ಕಂಬ ನೆಟ್ಟಗೆ ಮಾಡಿ, ಆಮೇಲೆ ಪ್ಲೇಟಿನಡಿಯ 25 ಮಿಮೀ ಜಾಗಕ್ಕೆ ಕುಗ್ಗದ ಗ್ರೌಟ್ (ಸಂದಿ ತುಂಬುವ ಸಿಮೆಂಟ್ ಗಾರೆ) ತುಂಬಿ. ಗ್ರೌಟಿನ ಒಂದು ಬದಿಯಲ್ಲಿ ಪೆನ್ಸಿಲ್ ಗಾತ್ರದ ಕಂಡಿ ಬಿಡುವುದನ್ನು ಮರೆಯಬೇಡಿ. ಟೊಳ್ಳು ಕಂಬದೊಳಗೆ ಇಳಿದ ನೀರಿಗೆ ಬೇರೆ ದಾರಿ ಇಲ್ಲ.

ಮೈಸೂರಿನ ಕೆಂಪು ಮಣ್ಣಿಗೆ ಈ ಅಳತೆ ಸಾಕು. ಮಂಡ್ಯದ ನಾಲಾ ಬಯಲಿನಲ್ಲಿ, ಗದ್ದೆ ಹೋಗಿ ಲೇಔಟ್ ಆದ ಜಾಗದಲ್ಲಿ ಸಾಲದು. ಅಲ್ಲಿನ ಜೇಡಿ ಮಣ್ಣು ನೀರು ಬಿಟ್ಟಾಗ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಗಡ್ಡೆ ಸಮೇತ ಕಂಬ ವಾಲುತ್ತದೆ. ಗಟ್ಟಿ ನೆಲ ಸಿಗುವವರೆಗೆ ತೋಡಿ, ತಳಕ್ಕೆ 15 ಸೆಂಮೀ ಎಂ-ಸ್ಯಾಂಡ್ ದಿಮ್ಮಸು ಹೊಡೆದು ಕೂರಿಸಿ, ಅಡಿಭಾಗವನ್ನು 90 ಸೆಂಮೀಗೆ ಅಗಲಿಸಿ.

ಗಾಲಿಜೋಡಿ

ಗಾಲಿಯನ್ನು ಸಪಾಟು ಕಾಂಕ್ರೀಟಿನ ಮೇಲೆ ಇಡುವುದು ಮೊದಲ ವಿಧ. ನೋಡಲು ಸರಿ. ಆದರೆ ಗಾಲಿಯ ಅಂಚುಪಟ್ಟಿ ಉರುಳುವ ಮೈಗಿಂತ ಸುಮಾರು ಒಂದು ಇಂಚು ಕೆಳಗಿರುತ್ತದೆ. ಇಡೀ ಭಾರ ಆ ಸಣ್ಣ ಅಂಚಿನ ಮೇಲೆ ನಿಂತು ಕಾಂಕ್ರೀಟ್ ಪುಡಿಯಾಗುತ್ತದೆ. ಹಳಿಯ ಮೇಲೆ ನಿಲ್ಲಲೆಂದೇ ಮಾಡಿದ್ದಕ್ಕೆ ಹಳಿಯೇ ಬೇಕು. 1979ರಲ್ಲಿ ಶುರುವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲೂ ಎಂಜಿನ್ನು, ಬೋಗಿಗಳು ಹಳಿಯ ಮೇಲೇ ನಿಂತಿವೆ.

ಎರಡು ಮೀಟರ್ ಉದ್ದದ ಎರಡು ಹಳಿ ಸಾಕು. 60 ಪೌಂಡ್ ಹಳಿ (ಗಜಕ್ಕೆ ಅಷ್ಟು ತೂಗುವುದು) ಮೀಟರಿಗೆ 30 ಕೆಜಿ, 90 ಪೌಂಡ್‌ನದು ಸುಮಾರು 45 ಕೆಜಿ. ಕೊಳ್ಳುವ ಮೊದಲು ಎರಡು ಗಾಲಿಗಳ ಒಳಮೈ ನಡುವಿನ ಅಂತರ ಅಳೆಯಿರಿ: 930 ಮಿಮೀ ಬಂದರೆ ಮೀಟರ್ ಗೇಜ್, 1,600 ಬಂದರೆ ಬ್ರಾಡ್ ಗೇಜ್. ಮೀಟರ್ ಗೇಜಿಗೆ ಹಳಿತಲೆಗಳ ಒಳಮುಖಗಳ ನಡುವೆ 1,000 ಮಿಮೀ ಇರಬೇಕು. ಬರೀ ಜಲ್ಲಿ ಮೇಲೆ ಸ್ಲೀಪರ್ (ಹಳಿ ಹೊರುವ ಅಡ್ಡದಿಮ್ಮಿ) ಇಟ್ಟಾಗ ಒಂದು ಬದಿ ಕುಸಿದು ಗಾಲಿ ಅತ್ತ ಜಾರಿತು. ಸ್ಲೀಪರ್ ಕೆಳಗೆ 10 ಸೆಂಮೀ ಕಾಂಕ್ರೀಟ್ ಹಾಕಿ, ಜಲ್ಲಿಯನ್ನು ಅಂದಕ್ಕೆ ಮಾತ್ರ ಸುತ್ತ ತುಂಬಿದಾಗ ಕದಲಲಿಲ್ಲ.

ತಡೆಗೆ ಮರದ ಬೆಣೆ ನಂಬಬೇಡಿ, ಬೇಸಿಗೆಯಲ್ಲಿ ಒಣಗಿ ಸಡಿಲವಾಗುತ್ತದೆ. ಗಾಲಿಗೋ ಹಳಿಗೋ ವೆಲ್ಡ್ ಮಾಡುವುದು ಇನ್ನೂ ಕೆಟ್ಟದ್ದು. ಅದು ಇಂಗಾಲ ಹೆಚ್ಚಿರುವ ಉಕ್ಕು, ಸಾಮಾನ್ಯ ರಾಡಿನ ವೆಲ್ಡ್ ಪಕ್ಕದಲ್ಲಿ ಗಾಜಿನಂತೆ ಪೆಡಸಾಗಿ ಸೀಳುತ್ತದೆ. ಹಳಿಗಳ ಕೆಳಗೆ ಅಡ್ಡಲಾಗಿ 75 ಮಿಮೀ ಉಕ್ಕಿನ ಚಾನೆಲ್ ಹಾಯಿಸಿ, ಅಚ್ಚಿನ ಮೇಲಿಂದ 20 ಮಿಮೀ ಯು-ಬೋಲ್ಟ್ ಎರಡು ಇಳಿಸಿ, ನಡುವೆ ರಬ್ಬರ್ ಕೊಟ್ಟು ಬಿಗಿಯಿರಿ. ಹೈಡ್ರಾ ಕ್ರೇನಿನಿಂದ ಎತ್ತುವಾಗ ಬೆಲ್ಟನ್ನು ಅಚ್ಚಿನ ನಡುವೆ ಹಾಕಿಸಿ. ತುದಿಯ ನುಣುಪು ಭಾಗಕ್ಕೆ ಸರಪಳಿ ತಾಗಿದರೆ ಗೀರು ಹೋಗುವುದಿಲ್ಲ.

ಹಳೇ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜದೆ ನೀರುಕಾಗದದಿಂದ (ವಾಟರ್ ಪೇಪರ್) ಒದ್ದೆ ಮಾಡಿಯೇ ಉಜ್ಜಿ. ಹರಾಜಿನ ರಸೀದಿ, ಡೆಲಿವರಿ ಚಲನ್ ಜೋಪಾನವಾಗಿಡಿ. ರೈಲ್ವೆ ಆಸ್ತಿಯ ಅಕ್ರಮ ಸ್ವಾಧೀನದ ವಿರುದ್ಧ 1966ರ ಕಾಯ್ದೆ ಇದೆ, ಕೇಳಿದರೆ ತೋರಿಸಬೇಕಾಗುತ್ತದೆ. ಯುಗಾದಿ ಕಳೆಯುತ್ತಿದ್ದಂತೆ ಎಲ್ಲ ನಟ್‌ಗಳಿಗೂ ಸ್ಪ್ಯಾನರ್ ಹಾಕಿ ನೋಡಿ, ಥ್ರೆಡ್‌ಗೆ ಗ್ರೀಸ್ ಹಚ್ಚಿ, ಕೈಮರದ ಕೈಯ ಪಿನ್ನಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ. ಬುಡ ಎಷ್ಟೇ ಗಟ್ಟಿಯಿದ್ದರೂ ಆ ಪಿನ್ ಸವೆದರೆ ಕೈ ಕಳಚಿ ಬೀಳುತ್ತದೆ.